ಹಾಲುಕ್ಕಿಸುವ ಶುಕ್ರವಾರ

ಪಿಳ್ಳಮ್ಮನಿಗೆ ಮನೆ ಬಿಡಬೇಕೆಂಬ ವಕೀಲರ ನೋಟಿಸು ಬಂದದ್ದು ೧೯೮೩ರ ಜೂನ್ ತಿಂಗಳಲ್ಲಿ. ಅದು ತಮಿಳಿನಲ್ಲಿತ್ತು. ಪಿಳ್ಳಮ್ಮನಿಗೆ ಓದು ಬಾರದು. ಎದುರು ಮನೆಯಲ್ಲಿದ್ದ ನನ್ನ ಬಳಿಗೆ ಅದನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ತಂದರು. ನಾನು ಆಗ ಹೊಸೂರಿನ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ರಾಮನಾಯಕನ ಕೆರೆ ಹಿಂದಿನ ನಮ್ಮ ಓಣಿಯಲ್ಲಿ ಯಾರಿಗೆ ಕಾಗದ ಬಂದರೂ ಅದು ಕೊನೆಗೆ ನನ್ನ ಜಗಲಿಗೆ ಬರುತ್ತಿತ್ತು.

ನಾನು ಒಂದೊಂದೇ ಸಾಲು ಓದಿ ಅರ್ಥ ಹೇಳಿದೆ. ಮನೆಯ ಮಾಲೀಕರಾದ ಶ್ಯಾಮಣ್ಣನವರಿಗೆ ತಮ್ಮ ಸಂಸಾರದ ವಾಸಕ್ಕೆ ಆ ಮನೆ ಬೇಕಾಗಿದೆ, ಅರವತ್ತು ದಿನದೊಳಗೆ ಖಾಲಿ ಮಾಡಿಕೊಡಬೇಕು ಎಂಬುದಷ್ಟೇ ಅದರಲ್ಲಿದ್ದ ವಿಷಯ.

"ನನ್ ತಪ್ಪು ಏನಂತ ಹಾಕವ್ರೆ?" ಎಂದು ಕೇಳಿದರು.

"ತಪ್ಪು ಅಂತ ಏನೂ ಹಾಕಿಲ್ಲ, ಪಿಳ್ಳಮ್ಮಜ್ಜಿ."

"ಇನ್ನೊಂದು ಕಿತ ನೋಡಿ ಟೀಚರಮ್ಮ. ಎಲ್ಲೋ ಒಂದು ಕಡೆ ಬರ್ದಿರ್ತಾರೆ."

ನಾನು ಮತ್ತೊಮ್ಮೆ ಓದಿದೆ. ಎಲ್ಲಿಯೂ ಇರಲಿಲ್ಲ. ಅವರ ಮುಖದಲ್ಲಿ ಸಮಾಧಾನ ಕಾಣಬಹುದೆಂದು ನಾನು ನೋಡಿದರೆ ದಿಗಿಲು ಇನ್ನೂ ಹೆಚ್ಚಾಯಿತು. ತಪ್ಪು ಇದ್ದಿದ್ದರೆ ತಪ್ಪಾಯಿತು ಎಂದು ಹೇಳಿಬಿಡಬಹುದಿತ್ತು. ಈಗ ಏನು ಹೇಳುವುದು ಎಂಬುದೇ ಅವರಿಗೆ ತೋಚಲಿಲ್ಲ.

ಆ ಮನೆಗೆ ಅವರು ಬಂದು ಮೂವತ್ತಮೂರು ವರ್ಷವಾಗಿತ್ತು. ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಹೊಂಗೆ ಮರದ ನೆರಳಿರುವ ಸಣ್ಣ ಹಿತ್ತಲು. ಗಂಡ ಗಾಡಿ ಚಕ್ರದ ಕೆಲಸ ಮಾಡುತ್ತಿದ್ದವರು, ಬಂದ ಆರನೇ ವರ್ಷಕ್ಕೆ ತೀರಿಕೊಂಡರು. ಮಕ್ಕಳಿರಲಿಲ್ಲ. ಅಂದಿನಿಂದ ಪಿಳ್ಳಮ್ಮ ಊಟದೆಲೆ ಹಚ್ಚಿ ಬದುಕಿದರು. ಸಾನಮಾವಿನ ಕಾಡಿನಿಂದ ಮುತ್ತುಗದ ಎಲೆಯ ಕಟ್ಟು ಬೆಳಗಿನ ಬಸ್ಸಿನ ಮೇಲೆ ಬರುತ್ತಿತ್ತು. ಅದನ್ನು ಹಿತ್ತಲ ನೆರಳಿನಲ್ಲಿ ಹರಡಿ, ನೀರು ಚಿಮುಕಿಸಿ, ಕಲ್ಲಿನ ಕೆಳಗೆ ಒತ್ತಿಟ್ಟು, ಹದವಾದ ಮೇಲೆ ಕಡ್ಡಿ ಚುಚ್ಚಿ ಹಚ್ಚಬೇಕು. ಬಿಸಿಲು ಬಿದ್ದರೆ ಎಲೆ ಸಿಡಿದುಹೋಗುತ್ತದೆ. ಹೊಸೂರಿನಲ್ಲಿ ಆ ವೇಳೆಗೆ ಕಾರ್ಖಾನೆಗಳು ಬಂದಿದ್ದವು. ಮನೆ ಬಾಡಿಗೆಗೆ ಕೇಳಿದರೆ ಮೊದಲು ಕೇಳುತ್ತಿದ್ದ ಮಾತು ಯಾವ ಫ್ಯಾಕ್ಟರಿ ಎಂದು. ಎಪ್ಪತ್ತು ದಾಟಿದ ಒಂಟಿ ಹೆಂಗಸಿಗೆ, ಅದೂ ಎಲೆ ಹರಡಲು ಹಿತ್ತಲು ಬೇಕೆನ್ನುವವರಿಗೆ, ಇನ್ನೊಂದು ಮನೆ ಸಿಗುವಂತಿರಲಿಲ್ಲ.

ಮನೆ ಕೊಟ್ಟಿದ್ದವರು ಶ್ಯಾಮಣ್ಣನ ತಂದೆ ನಾರಾಯಣಪ್ಪನವರು. ಬಾಯಿಮಾತಿನಲ್ಲೇ ಕೊಟ್ಟು, ಬಾಯಿಮಾತಿನಲ್ಲೇ ನಡೆಸಿಕೊಂಡು ಬಂದು, ಎರಡು ವರ್ಷದ ಕೆಳಗೆ ಹೋಗಿಬಿಟ್ಟರು. ಶ್ಯಾಮಣ್ಣ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಹೆಂಡತಿ ಲಕ್ಷ್ಮೀದೇವಮ್ಮನನ್ನೂ ಮೂವರು ಮಕ್ಕಳನ್ನೂ ಕಟ್ಟಿಕೊಂಡು ಅವಲಪಲ್ಲಿಯಲ್ಲಿ ಮಾವನ ಮನೆಯ ಒಂದು ಕೋಣೆಯಲ್ಲಿದ್ದ. ಅವನಿಗೂ ಕಷ್ಟವಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಮನೆಯ ಭಾಮೈದುನರು ಊಟಕ್ಕೆ ಕೂತಾಗಲೆಲ್ಲ 'ಭಾವನಿಗೆ ಸ್ವಂತ ಮನೆ ಉಂಟು, ನಮ್ಮ ಮನೆ ಅನ್ನವೇ ರುಚಿ' ಎನ್ನುತ್ತಿದ್ದರಂತೆ.

ಹೊಸೂರಿನ ವಕೀಲರಲ್ಲಿ ನನಗೆ ಗೊತ್ತಿದ್ದ ಇಬ್ಬರೂ ಶ್ಯಾಮಣ್ಣನ ಕಡೆಯವರಿಗೆ ಬೇಕಾದವರು. ಹಾಗಾಗಿ ಕೃಷ್ಣಗಿರಿಯ ವಕೀಲರೊಬ್ಬರಿಂದ ಉತ್ತರ ಬರೆಸಿದೆ. ಅವರ ಗುಮಾಸ್ತ ಹನುಮಯ್ಯ ಡೆಂಕಣಿಕೋಟೆ ಕಡೆಯವರು, ನಮ್ಮ ಮಾತಿನವರು. ಪಿಳ್ಳಮ್ಮ ಬಾಡಿಗೆ ತಪ್ಪಿಸಿಲ್ಲ, ಮನೆ ಕೆಡಿಸಿಲ್ಲ, ಆದ್ದರಿಂದ ಬಿಡುವುದಿಲ್ಲ, ಬೇಕಿದ್ದರೆ ಕೋರ್ಟಿಗೆ ಹೋಗಬಹುದು ಎಂದು ಉತ್ತರ ಹೋಯಿತು.

ಆಮೇಲೆ ಎರಡು ತಿಂಗಳು ಏನೂ ಆಗಲಿಲ್ಲ. ಆ ಏನೂ ಆಗದಿರುವುದೇ ಪಿಳ್ಳಮ್ಮನನ್ನು ತಿಂದುಹಾಕಿತು. ಸೈಕಲ್ಲಿನ ಗಂಟೆ ಕೇಳಿದರೆ ಕೈಯಲ್ಲಿದ್ದ ಕಡ್ಡಿ ಎಲೆಯನ್ನು ಹರಿದುಬಿಡುತ್ತಿತ್ತು. ಅಂಚೆಯವನು ಅದನ್ನು ಗಮನಿಸಿದ್ದನೆಂದು ಕಾಣುತ್ತದೆ. ಓಣಿಯ ತುದಿಯಲ್ಲಿ ತಿರುಗುವಾಗಲೇ "ಅಜ್ಜಿ, ಇವತ್ತು ನಿಂಗಿಲ್ಲ" ಎಂದು ಕೂಗಿ ಹೇಳಿ, ಆಮೇಲೆ ಬೇರೆಯವರ ಮನೆಗೆ ಹೋಗುತ್ತಿದ್ದ.

ಶ್ರಾವಣದಲ್ಲಿ ಒಂದು ಮಂಗಳವಾರ ಸಾಯಂಕಾಲ ಶ್ಯಾಮಣ್ಣ ಹೆಂಡತಿಯೊಂದಿಗೆ ಬಂದ. ಬಾಳೆಹಣ್ಣು, ಎಲೆಯಡಿಕೆ ತಂದಿದ್ದ. ಪಿಳ್ಳಮ್ಮ ಹೆದರಿ ನನ್ನನ್ನೂ ಕರೆದರು. ಲಕ್ಷ್ಮೀದೇವಮ್ಮ ಒಳಗೆ ಬರುವ ಮುಂಚೆ ಕಾಲು ತೊಳೆದಳು. ಆ ಮನೆಗೆ ಬರುವವರು ಯಾರೂ ಕಾಲು ತೊಳೆಯುತ್ತಿರಲಿಲ್ಲ. ನನಗೆ ಅದು ಮೆಚ್ಚುಗೆಯಾಯಿತು.

"ಏನ್ಲಾ ಶ್ಯಾಮ, ನೋಟೀಸು ಕೊಡೋಕೆ ನೀನೇ ಬಂದ್ಯಾ?" ಎಂದರು ಪಿಳ್ಳಮ್ಮ. ನಗಲು ನೋಡಿದರು. ನಗು ಬರಲಿಲ್ಲ.

"ನೋಟೀಸು ಗೀಟೀಸು ಬಿಡಜ್ಜಿ. ಅದು ವಕೀಲನ ಬಾಸೆ. ನಾನು ಬಂದಿರೋದು ಒಂದು ಶಾಸ್ತ್ರಕ್ಕೆ," ಎಂದ ಶ್ಯಾಮಣ್ಣ. "ಜೋಯಿಸ್ರು ಪಂಚಾಂಗ ನೋಡವ್ರೆ. ಇವಳ ನಕ್ಷತ್ರಕ್ಕೆ ಈ ಶುಕ್ರವಾರ ಬಿಟ್ರೆ ಸಂಕ್ರಾಂತಿ ಆದ್ಮೇಲೇನೆ. ಅದಕ್ಕೆ ಹಾಲು ಒಂದು ಉಕ್ಸಿಬಿಟ್ಟು ಹೋಗಾನ ಅಂತ."

"ಹಾಲುಕ್ಸಿ?"

"ಹೋಗ್ತೀವಿ ಅಷ್ಟೇ. ನೀನು ಆಮೇಲೆ ಇರಬೌದು. ಸಂಕ್ರಾಂತಿ ಆಗಲಿ, ನಿನ್ ಅನುಕೂಲ ಆಗಲಿ, ನೋಡಾನ."

ಇದು ನಮ್ಮ ಕಡೆ ಎಲ್ಲರೂ ಮಾಡುವುದೇ. ಮನೆಗೆ ಹೋಗಲು ಆಗದಿದ್ದರೂ ಒಳ್ಳೆಯ ದಿನ ಕೈಬಿಡಬಾರದೆಂದು ಹಾಲು ಉಕ್ಕಿಸಿ ಬಂದುಬಿಡುತ್ತಾರೆ, ಸಾಮಾನು ಸಾಗಿಸುವುದು ಯಾವಾಗಲೋ. ಅದರಲ್ಲಿ ಅನುಮಾನ ಪಡುವಂಥದ್ದು ಏನೂ ಇರಲಿಲ್ಲ.

"ಅದಕ್ಕೆ ಒಲೆ, ಪಾತ್ರೆ, ಪೊರಕೆ ಎಲ್ಲಾ ಒಂದು ಹೊತ್ತು ಆಚೆ ಇಡಬೇಕಾಗ್ತದೆ," ಎಂದಳು ಲಕ್ಷ್ಮೀದೇವಮ್ಮ ಸಂಕೋಚದಿಂದ. "ಹಳೇ ಸಾಮಾನು ಇರಬಾರದಂತೆ."

"ನಾನೂ ಇರಬಾರದು," ಎಂದರು ಪಿಳ್ಳಮ್ಮ ತಾವಾಗಿಯೇ. "ಕುಂಕುಮ ಇಲ್ದೋಳು ಎದುರಿಗೆ ನಿಂತ್ರೆ ಚಂದ್ವಾ? ಟೀಚರಮ್ಮನ ಮನೇಲಿ ಕುಂತಿರ್ತೀನಿ."

ನಾನು "ಆಗಲಿ, ಸಾಮಾನೆಲ್ಲ ನಮ್ಮ ಮನೆಗೇ ತನ್ನಿ" ಎಂದೆ. ಅವರು ಹೋದ ಮೇಲೆ "ಶ್ಯಾಮಣ್ಣ ಒಳ್ಳೆಯ ರೀತಿಯಲ್ಲೇ ಮಾತಾಡಿದ, ಇನ್ನು ಯೋಚನೆ ಬಿಡಿ" ಎಂದೂ ಹೇಳಿದೆ. ಬಿ.ಎ. ಓದಿದ್ದ ನಾನೇ ಹಾಗೆ ಹೇಳಿದ ಮೇಲೆ ಪಿಳ್ಳಮ್ಮ ನಂಬದೆ ಏನು ಮಾಡುತ್ತಾರೆ? ಎರಡು ತಿಂಗಳಲ್ಲಿ ಮೊದಲ ಸಲ ಅವರು ಆ ರಾತ್ರಿ ಮುದ್ದೆ ಪೂರ್ತಿ ಊಟ ಮಾಡಿದರು.

ಶುಕ್ರವಾರ ನನ್ನ ಸರ್ವಿಸ್ ಪುಸ್ತಕದ ಕೆಲಸಕ್ಕೆ ನಾನು ಕೃಷ್ಣಗಿರಿಗೆ ಹೋಗಬೇಕಿತ್ತು. ಬೆಳಗ್ಗೆ ಆರೂವರೆ ಬಸ್ಸಿಗೆ ಹೊರಟಾಗ ಪಿಳ್ಳಮ್ಮ ಆಗಲೇ ಪಾತ್ರೆಗಳನ್ನು ಹೊತ್ತು ತರುತ್ತಿದ್ದರು. ನನ್ನ ಮನೆಯ ಬೀಗದ ಕೈ ಅವರಿಗೆ ಕೊಟ್ಟೆ. ರಾಹುಕಾಲ ಕಳೆದು ಹನ್ನೆರಡೂ ಹತ್ತಕ್ಕೆ ಮುಹೂರ್ತ ಎಂದರು.

ಕೃಷ್ಣಗಿರಿಯಲ್ಲಿ ಶಿಕ್ಷಣ ಇಲಾಖೆಯ ಕಚೇರಿ ತೆರೆಯಲು ಹೊತ್ತಿತ್ತು. ಪಿಳ್ಳಮ್ಮನ ರೇಷನ್ ಕಾರ್ಡಿನ ನಕಲು ಕೊಟ್ಟುಬರೋಣವೆಂದು ವಕೀಲರ ಕಚೇರಿಗೆ ಹೋದೆ. ವಕೀಲರು ಇನ್ನೂ ಬಂದಿರಲಿಲ್ಲ. ಹನುಮಯ್ಯ ಮೇಜಿನ ಮೇಲಿನ ಕಾಗದಗಳನ್ನು ಸರಿಸಿ, ನನಗೆ ಟೀ ತರಿಸಿ, ಕುರ್ಚಿಯ ಧೂಳನ್ನು ತಮ್ಮ ಟವಲಿನಿಂದ ಒರೆಸಿದರು.

"ಅಜ್ಜಿ ಹೆಂಗವ್ರೆ?"

"ಈಗ ಪರವಾಗಿಲ್ಲ. ಶ್ಯಾಮಣ್ಣ ಮೆತ್ತಗಾಗಿದ್ದಾನೆ. ಇವತ್ತು ಬರೀ ಹಾಲು ಉಕ್ಕಿಸಿ ಹೋಗ್ತಾರಂತೆ," ಎಂದು ನಾನು ನಡೆದದ್ದೆಲ್ಲ ಹೇಳಿದೆ.

ಹನುಮಯ್ಯ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು.

"ಅಜ್ಜಿ ಸಾಮಾನು ಈಗ ಎಲ್ಲದೆ?"

"ನಮ್ಮ ಮನೇಲಿ."

"ಅಜ್ಜಿ?"

"ಅವರೂ ನಮ್ಮ ಮನೇಲೇ ಇರ್ತಾರೆ, ಪೂಜೆ ಮುಗಿಯೋವರೆಗೆ."

"ಪೂಜೆ ಮುಗಿದ್ಮೇಲೆ ಬಾಗ್ಲಿಗೆ ಬೀಗ ಹಾಕೋರು ಯಾರು, ಟೀಚರಮ್ಮ?"

ಟೀ ಲೋಟ ನನ್ನ ಕೈಯಲ್ಲೇ ಉಳಿಯಿತು.

ಅವರು ನಿಧಾನವಾಗಿ, ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಹಾಗೆ ಹೇಳಿದರು. "ನೋಡಿ. ಕೋರ್ಟಿಂದ ಆರ್ಡರ್ ಇಲ್ದೆ ಅಜ್ಜೀನ ಆಚೆ ಹಾಕೋ ಅಧಿಕಾರ ಶ್ಯಾಮಣ್ಣಂಗಿಲ್ಲ. ಕೋರ್ಟಿಗೆ ಹೋದ್ರೆ ನಂಗೆ ಮನೆ ಬೇಕು ಅಂತ ಅವನು ತೋರಿಸ್ಬೇಕು. ಗೆಲ್ಲಬೌದು, ಸೋಲಬೌದು, ವರ್ಷಗಟ್ಲೆ ಆಗಬೌದು. ಆದ್ರೆ ಅಜ್ಜಿ ತಾನಾಗೇ ಸಾಮಾನೆಲ್ಲ ತಕ್ಕೊಂಡು ಆಚೆ ಬಂದು, ಬೀಗದ ಕೈ ಕೊಟ್ಟು, ಅವರು ಹಾಲುಕ್ಸಿ ಬೀಗ ಹಾಕ್ಕೊಂಡ್ರೆ? ಊರಿಗೆ ಊರೇ ಸಾಕ್ಷಿ. ಮನೆ ಬಿಟ್ಕೊಟ್ಟವ್ರೆ, ನಾವು ಹಾಲುಕ್ಸಿದ್ದೀವಿ ಅಂತಾನೆ. ಆಮೇಲೆ ಒಳಗೆ ಹೋಗೋಕೆ ನಾವು ಕೇಸು ಹಾಕ್ಬೇಕು. ಈ ವಯಸ್ಸಿಗೆ ಆಯ್ತದಾ?"

"ನಾನೇ ಹೇಳಿದೆ, ಯೋಚನೆ ಬಿಡಿ ಅಂತ," ಎಂದೆ.

"ಅದು ಬಿಡಿ. ಹಾಲುಕ್ಸೋದು ಬೇಡ ಅಂತ ಯಾರು ಹೇಳ್ತಾರೆ? ನಮ್ಮನೇಲಿ ಕೇಳಿದ್ರೂ ಹೂಂ ಅಂತಿದ್ವಿ. ಈಗ ಅಜ್ಜಿ ಒಳಗಿರಬೇಕು. ಬೀಗದ ಕೈ ಕೊಟ್ಬುಟ್ಟಿದ್ರೂ ಸರಿ, ಮನುಷ್ಯ ಒಳಗಿರಬೇಕು. ಒಂದು ಚೊಂಬಾದ್ರೂ ಒಳಗಿರಬೇಕು. ಏಳಿ."

ಅವರು ಕಚೇರಿಯ ಬಾಗಿಲು ಮುಂದಕ್ಕೆಳೆದು ನನ್ನ ಜೊತೆ ಬಸ್ ನಿಲ್ದಾಣದವರೆಗೂ ನಡೆದುಬಂದರು. ಹೊರಡುವುದರಲ್ಲಿದ್ದ ಬಸ್ಸಿನ ಕಂಡಕ್ಟರಿಗೆ ತಮಿಳಿನಲ್ಲಿ ಏನೋ ಹೇಳಿದರು. ಆತ ಮುಂದಿನ ಸೀಟಿನಿಂದ ತನ್ನ ಟಿಕೆಟ್ ಪೆಟ್ಟಿಗೆ ಎತ್ತಿ ನನಗೆ ಜಾಗ ಮಾಡಿಕೊಟ್ಟ. ಸರ್ವಿಸ್ ಪುಸ್ತಕದ ನೆನಪಾದದ್ದು ಊರು ದಾಟಿದ ಮೇಲೆ.

ಗಂಟೆ ಒಂಬತ್ತೂವರೆಯಾಗಿತ್ತು. ಹನ್ನೊಂದಕ್ಕೆ ಹೊಸೂರು ಸೇರಿದರೆ ಸಾಕೆಂದು ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಶೂಲಗಿರಿಯಲ್ಲಿ ಬಸ್ಸು ನಿಂತಿತು. ಎಂಜಿನ್ನಿನಿಂದ ಹಬೆ ಬರುತ್ತಿತ್ತು. ಡ್ರೈವರ್ ಇಳಿದು ನೀರು ಹುಡುಕಿಕೊಂಡು ಹೋದ. ಹತ್ತು ನಿಮಿಷ, ಹದಿನೈದು ನಿಮಿಷ. ಜನ ಇಳಿದು ಕಡಲೆಕಾಯಿ ಕೊಂಡರು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಮುಖ ನೋಡಿ ತೆಲುಗಿನಲ್ಲಿ "ಆಸ್ಪತ್ರೆಗಾ?" ಎಂದು ಕೇಳಿದಳು. ಅಲ್ಲವೆಂದೆ. ಅವಳು ಒಂದು ಹಿಡಿ ಕಡಲೆಕಾಯಿ ನನ್ನ ಮಡಿಲಿಗೆ ಹಾಕಿದಳು. ನನಗೆ ತಿನ್ನಲಾಗಲಿಲ್ಲ. ಅದನ್ನು ಒಂದೊಂದಾಗಿ ಸುಲಿಯುತ್ತ ಕೂತೆ.

ಬಸ್ಸಿನಲ್ಲಿ ಕೂತು ನಾನು ಶ್ಯಾಮಣ್ಣನ ಮಾತನ್ನು ಮತ್ತೆ ಮತ್ತೆ ನೆನೆಸಿಕೊಂಡೆ. 'ನೀನು ಆಮೇಲೆ ಇರಬೌದು' ಎಂದಿದ್ದ. ಅದು ಸುಳ್ಳಾಗಿರಲಾರದು ಎಂದು ಒಮ್ಮೆ ಅನ್ನಿಸುತ್ತಿತ್ತು. ಆ ಹುಡುಗನ ಮೇಲೆ ನಾನೇ ಇಲ್ಲದ ಅಪವಾದ ಹೊರಿಸುತ್ತಿದ್ದೇನೆಯೇ ಎಂದೂ ಅನ್ನಿಸುತ್ತಿತ್ತು.

ಹೊಸೂರಿನಲ್ಲಿ ಇಳಿದಾಗ ಹನ್ನೊಂದೂ ಮುಕ್ಕಾಲು. ಓಣಿಗೆ ತಿರುಗಿದಾಗ ಪಿಳ್ಳಮ್ಮನ ಮನೆ ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ಹೊಸಿಲಿಗೆ ಅರಿಶಿನ ಬಳಿದಿದ್ದರು. ತೊಳೆದ ನೀರು ಇನ್ನೂ ಓಣಿಗೆ ಹರಿಯುತ್ತಿತ್ತು. ಪಿಳ್ಳಮ್ಮ ನನ್ನ ಜಗಲಿಯ ಮೂಲೆಯಲ್ಲಿ, ಬರುವವರಿಗೆ ಎದುರಾಗದಂತೆ ಕಂಬದ ಹಿಂದೆ ಕೂತಿದ್ದರು. ಒಗೆದ ಸೀರೆ ಉಟ್ಟಿದ್ದರು.

"ಬೇಗ ಬಂದ್ರಲ್ಲ. ಈಗಿನ್ನೂ ಅಯ್ನೋರು ಕಳಸ ಇಡ್ತಾವ್ರೆ," ಎಂದರು.

"ನಿಮ್ಮ ಮನೆ ಬೀಗದ ಕೈ ಎಲ್ಲಿ?"

"ಶ್ಯಾಮಂಗೆ ಕೊಟ್ಟೆ. ತಟ್ಟೇಲಿ ಇಟ್ಟು ಪೂಜೆ ಮಾಡ್ಬೇಕಂತೆ. ಹೊಸ ಬೀಗ ಬೇರೆ ತಂದವ್ರೆ. ದೊಡ್ಡದು. ಅದಕ್ಕೂ ಕುಂಕುಮ ಇಟ್ಟವ್ರೆ."

ಅದನ್ನು ಅವರು ಮೆಚ್ಚಿಕೊಂಡೇ ಹೇಳಿದರು. ನಾನು ಅವರ ಪಕ್ಕದಲ್ಲಿ ಕೂತು, ಹನುಮಯ್ಯ ಹೇಳಿದಷ್ಟನ್ನೂ ತಗ್ಗಿದ ದನಿಯಲ್ಲಿ ಹೇಳಿದೆ. ಅವರು ಕೇಳುತ್ತ ಕೇಳುತ್ತ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಬೀಗದ ಕೈ ಗಂಟು ಹಾಕಿಕೊಳ್ಳುತ್ತಿದ್ದ ತುದಿ ಅದು.

"ಹಂಗಾದ್ರೆ ನಾನು ಆಚೆ ಬಂದ್ಬುಟ್ಟೆನಾ?"

"ಇನ್ನೂ ಇಲ್ಲ. ಈಗ ಒಳಗೆ ಹೋಗಿ ಕೂತ್ಕೊಳ್ಳಿ."

"ಹೆಂಗೆ ಹೋಗ್ಲಿ ಟೀಚರಮ್ಮ? ಹಾಲು ಇಡೋ ಹೊತ್ತು. ಮೂರು ಮಕ್ಕಳ ತಾಯಿ ಅವಳು. ನಾಳೆ ಏನಾರ ಒಂದಾದ್ರೆ ಈ ಮುಂಡೇದು ಎದುರಿಗೆ ಬಂದಿತ್ತು ಅಂತಾರೆ. ಅವರೇನು, ನಾನೇ ಅಂದ್ಕೊತೀನಿ."

ಅದೆಲ್ಲ ಸುಳ್ಳು ನಂಬಿಕೆ ಎಂದು ಹೇಳಬಹುದಿತ್ತು. ತರಗತಿಯಲ್ಲಿ ಹೇಳುತ್ತಲೂ ಇದ್ದೆ. ಎಪ್ಪತ್ತೆರಡು ವರ್ಷದ ಹೆಂಗಸಿಗೆ ಹನ್ನೆರಡು ನಿಮಿಷದಲ್ಲಿ ಅದನ್ನು ಹೇಳಿ ಒಪ್ಪಿಸುವುದು ಹೇಗೆ?

"ನಿಮಗೆ ಆ ಹಿತ್ತಲು ಬೇಕೋ ಬೇಡವೋ?" ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಬಂತು.

ಅವರು ಎದುರು ಮನೆ ಕಡೆ ನೋಡಿದರು. ಒಳಗಿನಿಂದ ಹೊಗೆ ಬರುತ್ತಿತ್ತು. ಕಿಟಕಿಯಿಂದ, ಬಾಗಿಲಿನಿಂದ, ಹೆಂಚಿನ ಸಂದಿನಿಂದಲೂ. ಕೆಮ್ಮುವ ಸದ್ದು ಕೇಳಿಸಿತು. ಶ್ಯಾಮಣ್ಣನ ದನಿ: "ಊದು, ಊದು. ಮುಹೂರ್ತ ಬತ್ತಾ ಅದೆ."

"ಹಿತ್ತಲ ಬಾಗ್ಲು ಪೂರಾ ತಕ್ಕೊಂಡವ್ರೆ," ಎಂದರು ಪಿಳ್ಳಮ್ಮ. "ಅದನ್ನ ಅರ್ಧ ಮುಚ್ಚಬೇಕು. ಇಲ್ದಿದ್ರೆ ಆ ಒಲೆ ಉರಿಯಲ್ಲ."

ಎದ್ದು ನಿಂತರು. ಮುಂಬಾಗಿಲ ಕಡೆಗೆ ಹೋಗಲಿಲ್ಲ. ಪಕ್ಕದ ಸಂದಿಯಲ್ಲಿ ನಡೆದು ಹಿತ್ತಲ ಕಡೆಗೆ ಹೋದರು. ನಾನು ಹಿಂದೆ ಹೋದೆ. ಕೈಗೆ ಸಿಕ್ಕಿದ್ದು ಜಗಲಿಯ ಮೇಲಿದ್ದ ಅವರ ಹಿತ್ತಾಳೆ ಚೊಂಬು, ಅದನ್ನು ಎತ್ತಿಕೊಂಡೆ.

ಅಡುಗೆಮನೆಯಲ್ಲಿ ಮೂರು ಇಟ್ಟಿಗೆ ಇಟ್ಟು ಹೊಸ ಒಲೆ ಮಾಡಿದ್ದರು. ಹಸಿ ಸೌದೆ. ಲಕ್ಷ್ಮೀದೇವಮ್ಮ ಹೊಸ ಸೀರೆಯಲ್ಲಿ ನೆಲದ ಮೇಲೆ ಬಗ್ಗಿ, ಕಣ್ಣಲ್ಲಿ ನೀರು ಸುರಿಸುತ್ತ ಊದುತ್ತಿದ್ದಳು. ಅವಲಪಲ್ಲಿಯ ಮನೆಯಲ್ಲಿ ಸೀಮೆಎಣ್ಣೆ ಸ್ಟೌವು. ಪುರೋಹಿತರು ಹೆಗಲ ವಸ್ತ್ರದಿಂದ ಮೂಗು ಮುಚ್ಚಿಕೊಂಡು ಗಡಿಯಾರ ನೋಡುತ್ತಿದ್ದರು. ಕೋಣೆಯಲ್ಲಿ ಅವಳ ಮೂವರು ಅಣ್ಣಂದಿರು ನಿಂತಿದ್ದರು.

ಪಿಳ್ಳಮ್ಮ ಹಿತ್ತಲ ಬಾಗಿಲನ್ನು ಅರ್ಧ ಎಳೆದು, ಅದರ ಹಿಂದಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟರು. ನಾನು ಚೊಂಬನ್ನು ಅವರ ಪಕ್ಕದಲ್ಲಿಟ್ಟೆ.

"ಅಜ್ಜಿ, ಇದೇನು?" ಎಂದ ಶ್ಯಾಮಣ್ಣ. "ನೀನೇ ಬರಲ್ಲ ಅಂದಿದ್ದೆ. ಎದ್ದು ಆಚೆ ಹೋಗು."

"ನಾನು ನೋಡಲ್ಲ ಕಣ್ಲಾ. ಇತ್ಲಾಗೆ ತಿರಿಕ್ಕೊಂಡಿದ್ದೀನಿ."

"ನೋಡೋದು ಬಿಡೋದಲ್ಲ. ಅಪಶಕುನ ಆಯ್ತದೆ. ಟೀಚರಮ್ಮ, ಓದಿದೋರು ನೀವು, ಹೇಳ್ಬಾರದಾ?"

"ನಾನೇ ಕರೆದುಕೊಂಡು ಬಂದದ್ದು," ಎಂದೆ.

ಅವನು ನನ್ನ ಮುಖ ನೋಡಿದ. ನನಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಯಿತು. ಆಗಲೇ ನನಗೂ ನಿಶ್ಚಯವಾಯಿತು, ಹನುಮಯ್ಯ ಹೇಳಿದ್ದು ನಿಜವೆಂದು. ಅವನ ಕಿವಿಗಳು ಕೆಂಪಾಗಿದ್ದವು.

"ಸ್ವಾಮಿ, ನೀವಾದ್ರೂ ಹೇಳಿ," ಎಂದು ಪುರೋಹಿತರ ಕಡೆ ತಿರುಗಿದ.

ಪುರೋಹಿತರು ಗಡಿಯಾರವನ್ನೂ ಒಲೆಯನ್ನೂ ನೋಡಿ, "ಮೊದಲು ಬೆಂಕಿ ಹತ್ತಲಿ" ಎಂದರು.

ಲಕ್ಷ್ಮೀದೇವಮ್ಮ ಎದ್ದು ನಿಂತಳು. ಮುಖವೆಲ್ಲ ಮಸಿ.

"ಅಪಶಕುನ ಅಂತೀರಲ್ಲ," ಎಂದಳು ಗಂಡನಿಗೆ. "ನಮ್ ಮದ್ವೆಗೆ ಮುನ್ನೂರು ಊಟದೆಲೆ ಹಚ್ಚಿದ್ದು ಯಾರ ಕೈ? ಅದರಲ್ಲಿ ನೀವೂ ಉಂಡ್ರಿ, ನಾನೂ ಉಂಡೆ. ಆಗ ಮಡಿ, ಈಗ ಮೈಲಿಗೆನಾ?"

"ಲೇ, ನಿಂಗೆ ಗೊತ್ತಾಗಲ್ಲ. ಸುಮ್ಕಿರು."

"ಗೊತ್ತಾಗೋದೇನದೆ? ಮುಹೂರ್ತ ಹೋಗ್ತಾ ಅದೆ ಅನ್ನೋದು ಗೊತ್ತದೆ." ಅವಳು ಮೂಲೆಗೆ ಹೋಗಿ ಬಗ್ಗಿದಳು. "ಅಜ್ಜಿ, ನಂಗೆ ಈ ಒಲೆ ಹತ್ತಿಸೋಕೆ ಬರಲ್ಲ. ನೀನೇ ಬಾ."

"ಬೇಡ ಕಣವ್ವಾ."

"ನಾನು ಕರೀತಾ ಇದ್ದೀನಿ. ದೋಷ ಬಂದ್ರೆ ನಂಗೆ ಬರಲಿ."

ಪಿಳ್ಳಮ್ಮ ನೆಲಕ್ಕೆ ಕೈಯೂರಿ ತಿರುಗಿ, ಒಲೆಯ ಹತ್ತಿರ ಸರಿದರು. ಒಂದು ಇಟ್ಟಿಗೆಯನ್ನು ಬೆರಳಗಲ ಜರುಗಿಸಿದರು. ಮೇಲಿದ್ದ ದಪ್ಪ ಸೌದೆಗಳನ್ನು ತೆಗೆದು ಪಕ್ಕಕ್ಕಿಟ್ಟರು. ಹಿತ್ತಲಿನಿಂದ ಒಣಗಿ ಸಿಡಿದ ಮುತ್ತುಗದ ಎಲೆ ಒಂದು ಹಿಡಿ ತರಿಸಿ ತುರುಕಿ, ಒಂದೇ ಸಲ ಊದಿದರು. ಬೆಂಕಿ ಹತ್ತಿತು. ಲಕ್ಷ್ಮೀದೇವಮ್ಮ ಹಾಲಿನ ಪಾತ್ರೆ ಇಟ್ಟಳು. ಪುರೋಹಿತರು ಮಂತ್ರ ಶುರು ಮಾಡಿದರು, ಒಂದಿಷ್ಟು ಬೇಗ ಬೇಗನೆ.

ಹಾಲು ಮೇಲೇರಿತು. ಅದು ಉಕ್ಕಿ ಪೂರ್ವಕ್ಕೆ ಚೆಲ್ಲಿತು. ಅವಳ ಅಣ್ಣಂದಿರಲ್ಲೊಬ್ಬ "ಒಳ್ಳೇದಾಯ್ತು" ಎಂದ. ಪಿಳ್ಳಮ್ಮ ಕೈಮುಗಿದದ್ದನ್ನು ನಾನು ನೋಡಿದೆ. ಅವರ ಮನೆಗೆ ಬೇರೆಯವರು ಬರಲೆಂದು ಉಕ್ಕಿದ ಹಾಲಿಗೆ ಅವರು ಮನಸಾರೆ ಕೈಮುಗಿದರು.

ಎಲ್ಲರಿಗೂ ಹಾಲು ಹಂಚಿದ್ದಾಯಿತು. ಪುರೋಹಿತರು ಹೊರಟರು. ಶ್ಯಾಮಣ್ಣ ತಟ್ಟೆಯಲ್ಲಿದ್ದ ಹೊಸ ಬೀಗವನ್ನು ಕೈಗೆ ತೆಗೆದುಕೊಂಡ.

"ಸರಿ, ಎಲ್ಲಾ ಆಚೆ ನಡೀರಿ. ಬಾಗ್ಲು ಹಾಕಾನ. ಅಜ್ಜಿ, ನೀನೂ ಬಾ. ಒಂದು ಗಳಿಗೆ ಮುಚ್ಚಿ ಆಮೇಲೆ ತಗೀತೀನಿ. ಅದೂ ಶಾಸ್ತ್ರನೇ."

ಪಿಳ್ಳಮ್ಮ ಒಲೆಯ ಮುಂದಿನಿಂದ ಏಳಲಿಲ್ಲ. ನಾನು ಬಾಯಿ ತೆರೆಯಬೇಕೆಂದಿದ್ದೆ. ಅಷ್ಟರಲ್ಲಿ ಅವರೇ ಹೇಳಿದರು.

"ನೀವು ಹೋಗ್ಬನ್ನಿ ಶ್ಯಾಮ. ನಾನು ಒಳಗಿದ್ದೀನಿ. ಒಲೆ ಆರೋ ತನಕ ನೋಡ್ಕೋಬೇಕು."

"ಒಲೆ ನಾನು ಆರಿಸ್ತೀನಿ."

"ಆರಿಸ್ಬಾರದು. ಹಾಲುಕ್ಸಿದ ಒಲೆ ತಾನಾಗೇ ಆರಬೇಕು."

"ಟೀಚರಮ್ಮ ಕಿವಿ ಊದವ್ರೆ. ನಂಗೆ ಗೊತ್ತು."

"ಊದವ್ರೆ ಕಣಪ್ಪ. ಅವರು ಹೇಳ್ದಿದ್ರೆ ನಂಗೆಲ್ಲಿ ತಿಳೀತಿತ್ತು? ನೀನು ಹೇಳ್ಲಿಲ್ಲ." ಬೈಯುವ ದನಿಯಲ್ಲ ಅದು. ನಡೆದದ್ದನ್ನು ನಡೆದ ಹಾಗೆ ಹೇಳುವ ದನಿ. "ನಿಂಗೆ ಮನೆ ಬೇಕು, ಅದೂ ನಿಜ. ಕೇಳು. ಕೋರ್ಟಲ್ಲಿ ಕೇಳು. ಅವರು ಬಿಡು ಅಂದ್ರೆ ಬಿಡ್ತೀನಿ. ಹಾಲಿನ ನೆಪದಲ್ಲಿ ಬಿಡಲ್ಲ."

ಭಾಮೈದುನರಲ್ಲಿ ದೊಡ್ಡವನು ಒಂದು ಹೆಜ್ಜೆ ಮುಂದೆ ಬಂದ. "ಒಂದು ಮುದುಕಿ ಕೈಲಿ ಮನೆ ಬಿಡಿಸ್ಕೊಳ್ಳೋಕಾಗ್ಲಿಲ್ವಾ ಭಾವ?" ಎಂದ. ಅವರು ನಾಲ್ಕು ಜನ. ನಾವು ಇಬ್ಬರು ಹೆಂಗಸರು. ಓಣಿಯಲ್ಲಿ ಆ ಹೊತ್ತಿನಲ್ಲಿ ಗಂಡಸರು ಯಾರೂ ಇರುತ್ತಿರಲಿಲ್ಲ.

ಲಕ್ಷ್ಮೀದೇವಮ್ಮ ಗಂಡನ ಕೈಯಲ್ಲಿದ್ದ ಬೀಗವನ್ನು ನೋಡಿದಳು. ಅದು ಪೂಜೆಗೆ ತಂದದ್ದೆಂದೇ ಅವಳು ತಿಳಿದಿದ್ದಳೋ, ಇಲ್ಲ ಗೊತ್ತಿದ್ದೂ ಸುಮ್ಮನಿದ್ದಳೋ ನನಗೆ ಇಂದಿಗೂ ತಿಳಿಯದು. ತಟ್ಟೆಯಲ್ಲಿದ್ದ ಹಳೆಯ ಬೀಗದ ಕೈಯನ್ನು ತೆಗೆದು, ಅದಕ್ಕೆ ಅಂಟಿದ್ದ ಕುಂಕುಮವನ್ನು ತನ್ನ ಸೆರಗಿನಿಂದ ಒರೆಸಿ, ಪಿಳ್ಳಮ್ಮನ ಪಕ್ಕದ ಚೊಂಬಿನೊಳಗೆ ಹಾಕಿದಳು. ಠಣ್ಣೆಂದು ಸದ್ದಾಯಿತು.

"ನಡೀರಿ," ಎಂದಳು ಅಣ್ಣಂದಿರಿಗೆ. "ಮಕ್ಕಳು ಸ್ಕೂಲಿಂದ ಊಟಕ್ಕೆ ಬರೋ ಹೊತ್ತಾಯ್ತು."

ಶ್ಯಾಮಣ್ಣ ಹೊಸಿಲು ದಾಟುವಾಗ ತಿರುಗಿ ನೋಡಿದ. "ಕೋರ್ಟಲ್ಲೇ ನೋಡ್ಕೊತೀನಿ" ಎಂದ. ನಾನು ತಲೆಯಾಡಿಸಿದೆ. ಅವನಿಗೆ ಆ ರಾತ್ರಿ ಮಾವನ ಮನೆಯ ಊಟ ಹೇಗೆ ಇಳಿಯುತ್ತದೆಂದು ನನಗೆ ಗೊತ್ತಿತ್ತು. ಹೆಂಡತಿಗೆ ಅವನು ಏನು ಹೇಳುತ್ತಾನೋ ಎಂಬ ಹೆದರಿಕೆಯೂ ಇತ್ತು.

ಆ ಸಾಯಂಕಾಲ ಸಾಮಾನುಗಳನ್ನು ನಾನೇ ಒಂದೊಂದಾಗಿ ಹೊತ್ತು ಸಾಗಿಸಿದೆ. ಪಿಳ್ಳಮ್ಮ ಹೊಸಿಲಿನ ಒಳಗೆ ನಿಂತು ಕೈಚಾಚಿ ತೆಗೆದುಕೊಂಡರು. ಹೊಸಿಲು ದಾಟಲಿಲ್ಲ. ನಾಲ್ಕು ಗಂಟೆಗೆ ಬೀದಿ ನಲ್ಲಿಯಲ್ಲಿ ನೀರು ಬಂತು. ಅದಕ್ಕೂ ಬರಲಿಲ್ಲ. ಎರಡು ಕೊಡ ನಾನೇ ತಂದಿಟ್ಟೆ. ಶನಿವಾರವೂ, ಭಾನುವಾರವೂ ಹಾಗೇ ಆಯಿತು. ಎಲೆಯ ಕಟ್ಟನ್ನು ಬಸ್ ನಿಲ್ದಾಣದಿಂದ ನಾನೇ ತಂದೆ. ಅವರು ಹೊಂಗೆ ಮರದ ಕೆಳಗೆ ಕೂತು ಎಲೆ ಹಚ್ಚುವಾಗಲೂ ಕಿವಿ ಮುಂಬಾಗಿಲ ಕಡೆಗೇ ಇರುತ್ತಿತ್ತು.

ಮರುವಾರ ಹನುಮಯ್ಯನವರ ಕಾಗದ ಬಂತು. ಶ್ಯಾಮಣ್ಣ ಕೇಸು ಹಾಕಿದ್ದಾನೆ, ಮುಂದಿನ ತಿಂಗಳ ಹತ್ತೊಂಬತ್ತಕ್ಕೆ ಮೊದಲ ವಾಯಿದೆ, ಏನಾಗುತ್ತದೆಂದು ಈಗಲೇ ಹೇಳಲಾಗದು ಎಂದು ಬರೆದಿದ್ದರು. ಕೊನೆಯಲ್ಲಿ, ಯಾರೂ ಕೇಳದಿದ್ದರೂ, ಒಂದು ಸಾಲು ಸೇರಿಸಿದ್ದರು. ಅಜ್ಜಿ ಮನೆಗೆ ಬೀಗ ಹಾಕಿಕೊಂಡು ನೀರಿಗೆ, ಅಂಗಡಿಗೆ ಧಾರಾಳವಾಗಿ ಹೋಗಿಬರಬಹುದು, ಅದರಿಂದ ಮನೆ ಬಿಟ್ಟಂತೆ ಆಗುವುದಿಲ್ಲ ಎಂದು.

ಆ ಸಾಲನ್ನು ಪಿಳ್ಳಮ್ಮ ಮೂರು ಸಲ ಓದಿಸಿದರು.

"ಬೀಗ ಹಾಕಿದ್ರೂ ಹೊಡೆದು ಹಾಕಿದ್ರೆ?"

"ಹಾಗೆ ಮಾಡಿದರೆ ಪೊಲೀಸಿಗೆ ಹೇಳೋಣ."

"ಹೂಂ," ಎಂದರು. ಕೊಡ ಎತ್ತಿಕೊಂಡು ಹೊಸಿಲವರೆಗೆ ಬಂದರು, ನಿಂತರು. "ಇವತ್ತೊಂದಿನ ನೀವು ಇಲ್ಲಿ ಕುಂತಿರ್ತೀರಾ ಟೀಚರಮ್ಮ? ಒಂದೇ ಕೊಡ. ಬಂದ್ಬುಡ್ತೀನಿ."

ನಾನು ಶಾಲೆಯ ಚೀಲವನ್ನು ಪಕ್ಕಕ್ಕಿಟ್ಟು ಅವರ ಹೊಸಿಲ ಮೇಲೆ ಕೂತೆ. ನಲ್ಲಿ ಅಲ್ಲಿಂದ ಇಪ್ಪತ್ತು ಹೆಜ್ಜೆ. ಸಾಲಿನಲ್ಲಿ ನಿಂತಿದ್ದ ಹೆಂಗಸರು ಅವರನ್ನು ಕಂಡು ತಮ್ಮ ಕೊಡಗಳನ್ನು ಹಿಂದಕ್ಕೆ ಸರಿಸಿ ದಾರಿ ಬಿಟ್ಟರು. ಕೊಡ ತುಂಬುವವರೆಗೆ ಪಿಳ್ಳಮ್ಮ ನೀರನ್ನು ನೋಡಲೇ ಇಲ್ಲ. ನಾನು ಕೂತಿದ್ದ ಬಾಗಿಲನ್ನೇ ನೋಡುತ್ತ ನಿಂತಿದ್ದರು.